ಕಾರೇಮಕ್ಕಿಗೆ ಕರೆದ ಮುಯ್ಯಾಳು

ಹೊಸ ತಾರ್ಪಾಲಿನ ವಾಸನೆ ನನಗೆ ಆಗಿಬರುವುದಿಲ್ಲ. ಮಳೆಗೆ ಮೊದಲು ಕೊಪ್ಪದ ಪೇಟೆಯಲ್ಲಿ ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದರೂ ಅದೇ ವಾಸನೆ. ನೀಲಿ, ಕಪ್ಪು, ಹಳದಿ ಸುರುಳಿಗಳನ್ನು ಬಾಗಿಲಲ್ಲೇ ನಿಲ್ಲಿಸಿರುತ್ತಾರೆ. ಸೌದೆಗೆ ಹೊದಿಸಲು, ಕೊಟ್ಟಿಗೆಯ ಬದಿಗೆ ಕಟ್ಟಲು ಎಲ್ಲರಿಗೂ ಬೇಕಲ್ಲ. ಈ ವರ್ಷವೂ ಹೋಗಿದ್ದೆ. ಅಂಗಡಿಯವನು ಕಪ್ಪು ಸುರುಳಿಯೊಂದನ್ನು ಬಿಡಿಸಿ ನೆಲದ ಮೇಲೆ ಹಾಸಿದ. ವಾಸನೆ ಮೂಗಿಗೆ ಬಡಿದದ್ದೇ ತಡ, ಮೂರು ವರ್ಷದ ಹಿಂದಿನ ಬೇಸಿಗೆ ನೆನಪಾಯಿತು. ಅದೇ ಹೊತ್ತಿಗೆ ಹಿಂದಿನಿಂದ ಯಾರೋ "ಲಲಿತಕ್ಕ" ಎಂದರು. ತಿರುಗಿ ನೋಡುವ ಮೊದಲೇ ದನಿ ಯಾರದೆಂದು ಗೊತ್ತಾಯಿತು. ಸದಾಶಿವ.

"ಮೂರು ವರ್ಷ ಆಯ್ತಲ್ಲ ಅಕ್ಕಾ, ಇನ್ನೂ ಸಿಟ್ಟಾ?" ಎಂದು ನಗುತ್ತಾ ಕೇಳಿದ.

ನಾನು ಏನು ಹೇಳಿದೆ ಎನ್ನುವುದನ್ನು ಕೊನೆಗೆ ಹೇಳುತ್ತೇನೆ. ಆ ಬೇಸಿಗೆಯ ಸಂಗತಿ ಹೇಳದೆ ಅದನ್ನು ಹೇಳಿದರೆ, ಇವಳು ಸುಮ್ಮನೆ ಬಾಯಿ ಜೋರಿನ ಹೆಂಗಸು ಎಂದು ನೀವೂ ಅಂದುಕೊಂಡೀರಿ. ಬಾಯಿ ಜೋರು ಹೌದು, ಆದರೆ ಸುಮ್ಮನೆ ಅಲ್ಲ.

ನಮ್ಮೂರು ಕೊಪ್ಪದಿಂದ ಬಸರೀಕಟ್ಟೆ ಕಡೆಗೆ ಹೋಗುವ ದಾರಿಯಲ್ಲಿದೆ. ಬಸ್ಸು ನಿಲ್ಲುವ ಜಾಗದ ಎದುರು ನನ್ನದೊಂದು ಹೊಲಿಗೆ ಅಂಗಡಿ. ನಮ್ಮ ಮನೆಯವರಿಗೆ ಜೀಪು. ಬೆಳಿಗ್ಗೆ ಎಸ್ಟೇಟುಗಳಿಗೆ ಆಳುಗಳನ್ನು ಬಿಟ್ಟು, ಸಂಜೆ ಕರೆದು ತರುತ್ತಾರೆ. ಆಗ ನಾನು ಪಂಚಾಯಿತಿ ಮೆಂಬರ್. ನನ್ನನ್ನು ಚುನಾವಣೆಗೆ ನಿಲ್ಲಿಸಿದ್ದೇ ಸದಾಶಿವ. "ನಿಮ್ಮ ಬಾಯಿ ಅಂಗಡಿಯೊಳಗೆ ದಂಡ ಆಗ್ತಾ ಇದೆ ಅಕ್ಕಾ, ಮೀಟಿಂಗಿಗೆ ತನ್ನಿ" ಎಂದಿದ್ದ. ನನಗಿಂತ ಆರೇಳು ವರ್ಷ ಚಿಕ್ಕವನು. ಎಸ್ಟೇಟಿನ ಕೂಲಿ ಲೈನಿನಲ್ಲಿ, ಸಾಲುಮನೆಯ ಒಂದೇ ಕೋಣೆಯಲ್ಲಿ ಬೆಳೆದು, ಓದಿ, ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟು, ಕೊನೆಗೆ ನಮ್ಮ ಪಂಚಾಯಿತಿಗೆ ಅಧ್ಯಕ್ಷನಾದವನು. ಎಲ್ಲಿ ಭಾಷಣ ಮಾಡಿದರೂ "ನಾನೂ ಲೈನಿನಲ್ಲಿ ಹುಟ್ಟಿದವನೇ" ಎಂದೇ ಶುರು ಮಾಡುತ್ತಿದ್ದ. ಕೇಳಿದಾಗಲೆಲ್ಲ ನನ್ನ ಎದೆ ಉಬ್ಬುತ್ತಿತ್ತು. ದೀಪಾವಳಿಗೆ ಅವನಿಗೆ ಅಂಗಿ ಹೊಲಿದುಕೊಡುತ್ತಿದ್ದವಳು ನಾನೇ. ಅಳತೆ ಟೇಪು ಹಿಡಿಯಬೇಕಾಗಿಯೇ ಇರಲಿಲ್ಲ, ಅಷ್ಟು ಬಳಕೆ.

ಆ ವರ್ಷ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಊರ ಪಕ್ಕದ ಒಂದು ಎಸ್ಟೇಟು ಕೈ ಬದಲಾಯಿತು. ಕೊಂಡವರು ಹೊರಗಿನವರು. ಅವರಿಗೆ ಕಾಫಿ ಗಿಡಕ್ಕಿಂತ ಗುಡ್ಡದ ಮೇಲಿಂದ ಕಾಣುವ ನೋಟ ಮುಖ್ಯ, ರೆಸಾರ್ಟ್ ಕಟ್ಟುವವರಿದ್ದರು. ಲೈನ್ ಕೆಡವುತ್ತೇವೆ, ಖಾಲಿ ಮಾಡಿ ಎಂದರು. ಅಲ್ಲಿದ್ದದ್ದು ಹನ್ನೊಂದು ಕುಟುಂಬ. ಅಜ್ಜಂದಿರ ಕಾಲಕ್ಕೆ ಘಟ್ಟದ ಕೆಳಗಿನಿಂದ ಕೆಲಸಕ್ಕೆಂದು ಬಂದವರು. ಈಗ ಘಟ್ಟದ ಕೆಳಗೆ ಅವರನ್ನು ಗುರುತು ಹಿಡಿಯುವವರಿಲ್ಲ, ಘಟ್ಟದ ಮೇಲೆ ಒಂದು ಹಿಡಿ ಮಣ್ಣು ಅವರದೆಂದು ಇಲ್ಲ. ಪಾತ್ರೆ, ಚಾಪೆ, ಕೋಳಿಗೂಡು ಹೊತ್ತು ಕೆಳಗಿಳಿದು, ಬಸ್ ನಿಲ್ಲುವಲ್ಲಿ ಮರಗಳ ಅಡಿ ತಾರ್ಪಾಲು ಕಟ್ಟಿಕೊಂಡರು. ಗಾಳಿಗೆ ಹರಿಯದ ಹಾಗೆ ಆ ತಾರ್ಪಾಲುಗಳ ಅಂಚನ್ನು ನನ್ನ ಮಶೀನಿನಲ್ಲೇ ಹೊಲಿದುಕೊಟ್ಟೆ. ಸೂಜಿಗಳು ಮುರಿದವು, ಬೇಸಿಗೆ ಮುಗಿಯುವವರೆಗೂ ಅಂಗಡಿ ಆ ವಾಸನೆ ಬಿಡಲಿಲ್ಲ. ರವಿಕೆ ಹೊಲಿಸಿಕೊಂಡವರು ಮೂಸಿ ನೋಡಿ ಬೈದರು.

ಅವರಲ್ಲಿ ನನಗೆ ಹತ್ತಿರದವಳು ಗಿರಿಜ. ಗಂಡ ಕಾಳುಮೆಣಸು ಕೊಯ್ಯಲು ಏಣಿ ಹತ್ತಿದವನು ಬಿದ್ದು ತೀರಿಕೊಂಡಿದ್ದ. ಜೊತೆಗಿದ್ದದ್ದು ಎದ್ದು ಓಡಾಡಲಾಗದ ಅತ್ತೆ. ಆ ಮುದುಕಿಯನ್ನು ಆಗಾಗ ಆಸ್ಪತ್ರೆಗೆ ಎತ್ತಿಕೊಂಡು ಹೋಗಬೇಕು, ಅದಕ್ಕೆ ಬಸ್ಸೋ ಜೀಪೋ ಕೂಗಳತೆಯಲ್ಲಿರಬೇಕು. ಒಂದು ದಿನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಗಿರಿಜ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

"ಅಕ್ಕಾ, ನಂಗೆ ದೊಡ್ಡದೆಂತದೂ ಬೇಡ. ಮಳೆ ಹಿಡಿಯೋ ಮೊದಲು ಅತ್ತೆನ ಮಲಗಿಸಕ್ಕೆ ತಲೆ ಮೇಲೊಂದು ಮಾಡು. ರಸ್ತೆ ಹತ್ರ ಇರ್ಬೇಕು. ಮತ್ತೆ ಯಾರೂ ಬಂದು 'ಏಳಿ' ಅನ್ನಬಾರ್ದು. ಅಷ್ಟೇ."

ಅಷ್ಟೇ ಎಂದಳಲ್ಲ, ಆ ಅಷ್ಟಕ್ಕೆ ಊರು ಎರಡು ಹೋಳಾಯಿತು.

ರಸ್ತೆಯ ಮಗ್ಗುಲಲ್ಲೇ ಪಂಚಾಯಿತಿಯ ಒಂದು ಜಾಗವಿತ್ತು, ಕಾರೇಮಕ್ಕಿ. ಯಾವುದೋ ಕಾಲಕ್ಕೆ ಮಳೆನೀರಿಗೆ ಭತ್ತ ಬೆಳೆಯುತ್ತಿದ್ದ ಏರುಗದ್ದೆ, ಈಗ ಮುಳ್ಳು ಬೆಳೆದು ಹಂದಿ ಮಲಗುವ ಜಾಗ. ಅದನ್ನು ಹನ್ನೊಂದು ಸೈಟು ಮಾಡಿ ಇವರಿಗೆ ಕೊಡಬೇಕೆನ್ನುವವರು ನಾನು, ಸದಾಶಿವ. ಬೇಡವೆನ್ನುವವರು ಬಹಳ. ಗ್ರಾಮಸಭೆಯ ದಿನ ಹಾಲ್ ತುಂಬಿ ಜನ ಕಿಟಕಿಯಲ್ಲಿ ನೇತಾಡುತ್ತಿದ್ದರು. ಇವತ್ತು ಹನ್ನೊಂದು ಮನೆಗೆ ಕೊಟ್ಟರೆ ನಾಳೆ ಎಲ್ಲಾ ಎಸ್ಟೇಟಿನವರೂ ತಾರ್ಪಾಲು ಕಟ್ಟುತ್ತಾರೆ ಎಂದ ಒಬ್ಬ. ಬಸ್ಸಿಳಿದ ಟೂರಿಸ್ಟುಗಳು ಮೊದಲು ನೋಡುವುದೇ ಈ ಕೊಳಕು ಎಂದ ಇನ್ನೊಬ್ಬ. ಅವನ ಹೋಮ್‌ಸ್ಟೇಗೆ ಗಿರಾಕಿ ಕಡಿಮೆಯಾಗಿತ್ತಂತೆ. ಗುಡ್ಡದ ತುದಿಯಲ್ಲಿ ಮಕ್ಕಳಿಲ್ಲದೆ ಮುಚ್ಚಿದ ಶಾಲೆ ಇದೆಯಲ್ಲ, ಅಲ್ಲಿಗೆ ಸಾಗಿಸಿ ಎಂದರು ಕೆಲವರು. ಬಸ್ಸಿಲ್ಲ, ನೆಟ್ಟಗಿನ ದಾರಿಯಿಲ್ಲ, ಮಳೆಗಾಲದಲ್ಲಿ ಜೀಪೂ ಅರ್ಧಕ್ಕೇ ನಿಲ್ಲುವ ಜಾಗ ಅದು. ನಾನು ಎದ್ದು, "ಅಲ್ಲಿಗೆ ನಿಮ್ಮ ಹೋಮ್‌ಸ್ಟೇ ಸಾಗಿಸಿ, ನೋಟ ಚೆನ್ನಾಗಿದೆ" ಎಂದೆ. ಹಾಲಿನಲ್ಲಿ ನಗು, ಅವನ ಮುಖ ಊದಿ ಕುಂಬಳಕಾಯಿ.

ನಿಜವಾದ ಎದುರಾಳಿ ಶ್ರೀಧರಯ್ಯ. ಅಡಿಕೆ ತೋಟದವರು, ಹಳೆಯ ಮನೆತನ, ಮೆಂಬರ್ ಕೂಡ. ವಯಸ್ಸಾಗಿದ್ದರೂ ನಾಲಿಗೆ ನೆಟ್ಟಗಿತ್ತು. ಕೋಲು ಊರಿಕೊಂಡು ಎದ್ದು ನಿಂತು, ನನ್ನ ಕಡೆಯೇ ನೋಡಿ ಮಾತಾಡಿದರು.

"ಲಲಿತಾ, ನಿನ್ನ ಮನಸ್ಸು ಒಳ್ಳೇದು ಮಾರಾಯ್ತಿ, ತಲೆ ಬಿಸಿ. ಮೂರು ತಲೆಮಾರು ದುಡಿಸಿಕೊಂಡ ಎಸ್ಟೇಟು ಇವರಿಗೆ ಜಾಗ ಕೊಡ್ಬೇಕು. ಅದನ್ನ ಕೇಳದು ಬಿಟ್ಟು ಊರಿನ ಜಾಗ ಕೊಟ್ರೆ ಎಸ್ಟೇಟಿನವನು ಕೈ ತೊಳಕೊಂಡು ಹೋಗ್ತಾನೆ. ಕೋರ್ಟಿಗೆ ಹೋಗಣ, ನಾನೂ ಬರ್ತೀನಿ. ಸೈಟಿಗೆ ಮಾತ್ರ ನನ್ನ ಕೈ ಏಳಲ್ಲ."

"ಕೋರ್ಟು ತೀರ್ಮಾನ ಮಾಡೋವರೆಗೆ ಗಿರಿಜನ ಅತ್ತೆ ಎಲ್ಲಿ ಮಲಗದು ಅಯ್ಯಾ?" ಎಂದೆ.

"ಅದು ಕೇಳಬೇಕಾದ ಪ್ರಶ್ನೆಯೇ. ಉತ್ತರ ನನ್ನ ಹತ್ರ ಇಲ್ಲ," ಎಂದು ಕೂತರು. ಆ ಹೊತ್ತಿಗೆ ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆಮೇಲೆ ಸದಾಶಿವ ಎದ್ದ. ನಾನೂ ಲೈನಿನಲ್ಲಿ ಹುಟ್ಟಿದವನೇ ಎಂದು ಶುರು ಮಾಡಿದ, ಮುಗಿಸುವಾಗ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ತೀರ್ಮಾನ ಆಗಲಿಲ್ಲ, ಮುಂದಿನ ಮೀಟಿಂಗಿಗೆ ಹೋಯಿತು. ಆದರೂ ಗೆದ್ದಷ್ಟೇ ಖುಷಿಯಿಂದ ಮನೆಗೆ ಬಂದೆ.

ಮಾರನೆಯ ದಿನ ಅವನು ಅಂಗಡಿಗೆ ಬಂದ. ಕಾರೇಮಕ್ಕಿ ಹೀಗೆ ಮುಳ್ಳುಪೊದೆಯಾಗಿದ್ದರೆ ಮೇಲಿನವರು ಸೈಟಿಗೆ ಒಪ್ಪುವುದಿಲ್ಲ, ಕಡಿದು, ಸಮ ಮಾಡಿ, ದಾರಿ ತೆಗೆದು ತೋರಿಸಿದರೆ ಇಲ್ಲವೆನ್ನಲು ಅವರಿಗೆ ನಾಲಿಗೆ ಏಳುವುದಿಲ್ಲ ಎಂದ. ಯಂತ್ರ ತರಿಸಲು ಪಂಚಾಯಿತಿಯಲ್ಲಿ ಹಣವಿಲ್ಲ.

"ಮುಯ್ಯಾಳು ಕರೀರಿ ಅಕ್ಕಾ," ಎಂದ. "ನಾನು ಕರೆದ್ರೆ ರಾಜಕೀಯ ಅಂತಾರೆ. ನೀವು ಕರೆದ್ರೆ ಯಾರೂ ಇಲ್ಲ ಅನ್ನಲ್ಲ."

ಮುಯ್ಯಾಳು ಎಂದರೆ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಇವತ್ತು ನಿಮ್ಮ ಮನೆಯ ಕೆಲಸಕ್ಕೆ ನಾನು ಬರುವುದು, ನಾಳೆ ನನ್ನ ಮನೆಯ ಕೆಲಸಕ್ಕೆ ನೀವು ಬರುವುದು. ಕೂಲಿ ಇಲ್ಲ, ಊಟ ಉಂಟು. ಕರೆಯುವವರು ಮನೆಗೇ ಹೋಗಿ ಕರೆಯಬೇಕು, ಫೋನಿನಲ್ಲಿ ಆಗದು. ಬರುವವರು ಆ ಮನೆಯವರೇ ಆಗಿರಬೇಕು, ದುಡ್ಡು ಕೊಟ್ಟು ಆಳನ್ನು ಕಳಿಸಿದರೆ ಕರೆದವರ ಮುಖಕ್ಕೆ ಹೊಡೆದಂತೆ. ಬಂದವರ ಮುಯ್ಯಿಯನ್ನು ಮತ್ತೆ ಅವರ ಮನೆಗೆ ಹೋಗಿ ದುಡಿದೇ ತೀರಿಸಬೇಕು. ಈಗ ದೊಡ್ಡ ತೋಟಗಳಲ್ಲೆಲ್ಲ ಗುತ್ತಿಗೆ ಬಂದಿದೆ. ನಮ್ಮಂಥ ಸಣ್ಣವರ ಮನೆಗಳಲ್ಲಿ ನಾಟಿಗೋ ಅಡಿಕೆ ಸುಲಿಯುವುದಕ್ಕೋ ಇನ್ನೂ ಉಳಿದಿದೆ. ಮುಯ್ಯಿ ತಪ್ಪಿಸಿದವನ ಮನೆಯ ಮದುವೆಯಲ್ಲಿ ಬಡಿಸಲೂ ಜನ ನಿಲ್ಲುವುದಿಲ್ಲ, ನಮ್ಮಲ್ಲಿ ಅದು ಅಷ್ಟು ಗಟ್ಟಿ.

ಗಿರಿಜಳನ್ನು ಜೊತೆಗೆ ಕಟ್ಟಿಕೊಂಡು ಮನೆಮನೆಗೆ ಹೋದೆ. "ಕರೆಯಕ್ಕೆ ಬಂದಿದೀವಿ. ನಿಮ್ಮ ಮನೆಯಿಂದ ಒಂದು ಆಳು ಬರಬೇಕು" ಎನ್ನುವುದು, ಅವರು ಕೊಟ್ಟ ಮಜ್ಜಿಗೆ ಕುಡಿಯುವುದು. ಎಷ್ಟು ಮಜ್ಜಿಗೆ ಕುಡಿದೆವೆಂದರೆ ಗಿರಿಜ ದಾರಿಯಲ್ಲಿ, "ಅಕ್ಕಾ, ಇನ್ನು ನನ್ನ ಕಡೆದ್ರೆ ಬೆಣ್ಣೆ ಬರ್ತದೆ" ಎಂದಳು. ಲೈನು ಬಿಟ್ಟ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಆ ದಿನವೇ.

ಶ್ರೀಧರಯ್ಯನವರ ಮನೆಗೆ ಹೋಗುವುದೋ ಬೇಡವೋ ಎಂದು ಅನುಮಾನವಿತ್ತು. ಹೋಗದಿದ್ದರೆ ತಪ್ಪಾಗುತ್ತದೆಂದು ಹೋದೆ. ಮಜ್ಜಿಗೆ ಕೊಟ್ಟು ಕಳಿಸಿದರು. ಮುಯ್ಯಾಳಿನ ದಿನ ಬೆಳಿಗ್ಗೆ ಕೋಲೂರಿಕೊಂಡು ಅವರೇ ಬಂದರು, ಹಿಂದೆ ಅವರ ಸೊಸೆ ಕತ್ತಿ ಹಿಡಿದುಕೊಂಡು.

"ನೀವು ಸೈಟಿಗೆ ವಿರೋಧ ಅಲ್ದಾ ಅಯ್ಯಾ?" ಎಂದು ಕಿಚಾಯಿಸಿದೆ.

"ವಿರೋಧ ಮೀಟಿಂಗಲ್ಲಿ. ಬಾಗಿಲಿಗೆ ಬಂದು ಕರೆದ್ರೆ ಬರದೆ ಇರಕ್ಕಾಗ್ತದಾ," ಎಂದು ಮರದಡಿ ಕೂತು ಗೂಟ ಹೆರೆಯತೊಡಗಿದರು.

ಎಷ್ಟು ಜನ ಬಂದಿದ್ದರು! ಟೂರಿಸ್ಟುಗಳು ಎಂತ ಅಂದುಕೊಳ್ಳುತ್ತಾರೋ ಎಂದು ಹಲುಬಿದ ಹೋಮ್‌ಸ್ಟೇಯವನ ಹೆಂಡತಿಯೂ ಬಂದಿದ್ದಳು. ಮುಳ್ಳು ಕಡಿದೆವು, ಬೇರು ಕಿತ್ತೆವು, ಏರು ತಗ್ಗು ಸಮ ಮಾಡಿದೆವು, ರಸ್ತೆಯಿಂದ ಮೇಲಕ್ಕೆ ಗಾಡಿ ಹತ್ತುವಷ್ಟು ಅಗಲಕ್ಕೆ ದಾರಿ ಕಡಿದೆವು. ಆ ಅಗಲ ಸದಾಶಿವ ಹೇಳಿದ್ದು. ಮನೆಗೆ ಇಷ್ಟು ದಾರಿ ಯಾಕೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ, ಕಲ್ಲು ತರುವ ಲಾರಿಗೆ ಬೇಕು ಎಂದಿದ್ದ. ಹನ್ನೊಂದು ಮನೆಯವರು ಸೇರಿ ಗಂಜಿ, ಹುರುಳಿ ಚಟ್ನಿ ಮಾಡಿದ್ದರು. ಹಂಡೆ ಶ್ರೀಧರಯ್ಯನವರ ಮನೆಯದು. ಬಿಸಿಲಿಗೆ ಬೆವರಿ ಎಲ್ಲರ ಬಟ್ಟೆ ಬೆನ್ನಿಗಂಟಿತ್ತು. ಸದಾಶಿವ ನಾನು ಹೊಲಿದ ಬಿಳಿ ಅಂಗಿಯಲ್ಲಿ ಬಂದು ಗುದ್ದಲಿಯಲ್ಲಿ ಮೊದಲ ಏಟು ಹಾಕಿ, ಫೋಟೋ ತೆಗೆಸಿಕೊಂಡು, ತಾಲ್ಲೂಕು ಕಚೇರಿಯಲ್ಲಿ ಕೆಲಸವಿದೆಯೆಂದು ಹೊರಟ. ಸಂಜೆ ಎಲೆ ಅಡಿಕೆ ಹಂಚುವಾಗ ಮತ್ತೆ ಬಂದ.

ಎಲೆ ಅಡಿಕೆ ಕೊಡುವಾಗ ಕರೆದ ಮನೆಯವರು "ನಿಮ್ಮ ಕೆಲಸಕ್ಕೆ ಕರೀರಿ, ಬರ್ತೀವಿ" ಎನ್ನಬೇಕು. ಗಿರಿಜ ಬಾಯಿ ತೆರೆದಿದ್ದಳು. ಸದಾಶಿವ ಅಡ್ಡ ಬಂದು, ಎಲ್ಲರಿಗೂ ಕೇಳುವ ಹಾಗೆ, "ಇವರಿಗೆ ಮನೆಯೇ ಇಲ್ಲ, ಇವರ ಹತ್ರ ಎಂತ ಮುಯ್ಯಿ. ಕಾರೇಮಕ್ಕಿಯ ಮುಯ್ಯಿ ಪೂರಾ ನನ್ನ ತಲೆ ಮೇಲೆ" ಎಂದ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಗಿರಿಜ ತಟ್ಟಲಿಲ್ಲ. "ನಮ್ಮ ಕೆಲಸಕ್ಕೆ ಬಂದವರ ಮುಯ್ಯಿ ನಾವೇ ತೀರಿಸ್ತೀವಿ. ಮನೆ ಕಟ್ಟಕ್ಕೆ ಶುರು ಮಾಡಿದ ಮೇಲೆ ಪುರುಸೊತ್ತು ಸಿಗಲ್ಲ, ಈಗಲೇ ಮುಗಿಸ್ತೀವಿ," ಎಂದಳು. ಹಾಗೆಂದರೆ ಎಂತ ಎಂದು ಅರ್ಥವಾಯಿತಲ್ಲ? ಬೇರೆ ಕಡೆ ಕೂಲಿಗೆ ಹೋಗಿ ನಾಲ್ಕು ಕಾಸು ಮಾಡಿಕೊಳ್ಳಬೇಕಾದ ದಿನಗಳಲ್ಲಿ ಆ ಹನ್ನೊಂದು ಮನೆಯವರು ಊರಿನ ಅಷ್ಟೂ ಮನೆಗಳಿಗೆ ಸರದಿಯಲ್ಲಿ ಹೋಗಿ ಪುಕ್ಕಟೆ ದುಡಿದರು. ಬೇಲಿ ಕಟ್ಟಿದರು, ಸೌದೆ ಒಟ್ಟಿದರು, ಕಾಡಿನಿಂದ ಒಣಗಿದೆಲೆ ಗುಡಿಸಿ ತಂದು ಗೊಬ್ಬರದ ಗುಂಡಿಗೆ ತುಂಬಿದರು. ಆ ಇಡೀ ಬೇಸಿಗೆ ನಮ್ಮೂರಿನಷ್ಟು ಚೊಕ್ಕಟದ ಊರು ತಾಲ್ಲೂಕಿನಲ್ಲೇ ಇರಲಿಲ್ಲ. ಸಂಜೆ ಅವರು ಮರಳಿ ತಾರ್ಪಾಲಿನೊಳಗೆ ನುಗ್ಗುತ್ತಿದ್ದರು. ಸದಾಶಿವನ ಮನೆಗೂ ಗಿರಿಜ ಹೋದಳು, ಅವನ ಹೊಸ ಮನೆಯ ಅಂಗಳದ ಕಲ್ಲು ಹೊತ್ತಳು. ಒಂದು ಏಟು ಗುದ್ದಲಿ ಹಾಕಿದ್ದನಲ್ಲ, ಅದರ ಮುಯ್ಯಿ.

ಮೋಡ ಕಟ್ಟಲು ಶುರುವಾದ ಮೇಲೆ ಮೀಟಿಂಗು ಕರೆದರು. ನಾನು ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟುಕೊಂಡು ಹೋದೆ. ಗಿರಿಜ, ಉಳಿದವರು ಹೊರಗೆ ಮೆಟ್ಟಿಲ ಹತ್ತಿರ ಕೂತಿದ್ದರು. ಸದಾಶಿವ ತಲೆ ಎತ್ತದೆ ಓದಿದ. ಕಾರೇಮಕ್ಕಿ ಈಗ ಸಮತಟ್ಟಾಗಿರುವುದರಿಂದ ಅದನ್ನು ಪ್ರವಾಸಿ ವಾಹನಗಳ ನಿಲುಗಡೆಗೂ ವಾರದ ಸಂತೆಗೂ ಬಳಸುವುದು. ರೆಸಾರ್ಟಿನವರು ಅದಕ್ಕೆ ಜಲ್ಲಿ ಹಾಕಿಸಿ ಕೊಡಲು ಒಪ್ಪಿದ್ದಾರೆ. ನಿರಾಶ್ರಿತ ಕುಟುಂಬಗಳನ್ನು ಮಳೆಗಾಲದ ಒಳಗೆ ಗುಡ್ಡದ ಮೇಲಿನ ಹಳೆಯ ಶಾಲೆಗೆ ಸ್ಥಳಾಂತರಿಸುವುದು. ಒಪ್ಪುವವರು ಕೈ ಎತ್ತಿ.

ನಾನು ಮೊದಲು ಅವನು ಬೇರೆ ಯಾವುದೋ ಊರಿನದು ಓದುತ್ತಿದ್ದಾನೆಂದು ತಿಳಿದೆ. ಕೈಗಳು ಎದ್ದವು. ನಮ್ಮ ಜೊತೆಯಲ್ಲಿದ್ದವರ ಕೈಗಳೇ ಮೊದಲು. ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. ಶ್ರೀಧರಯ್ಯನವರ ಎರಡೂ ಕೈ ಕೋಲಿನ ಮೇಲೇ ಇದ್ದವು. ಬೇಡ ಎನ್ನುವವರು ಎಂದಾಗ ನಾನೊಬ್ಬಳು ಕೈ ಎತ್ತಿದೆ. ಎತ್ತಿದ ಕೈ ಇಳಿಸುವುದೇ ಮರೆತುಹೋಯಿತು, ಪಕ್ಕದವಳು ಹಿಡಿದು ಇಳಿಸಿದಳು.

ಮೀಟಿಂಗು ಮುಗಿದ ಮೇಲೆ ಹಿಂದಿನ ಬಾಗಿಲಲ್ಲಿ ಸದಾಶಿವನನ್ನು ತಡೆದೆ. ಅವನು ಹೆದರಲಿಲ್ಲ, ತಪ್ಪಿಸಿಕೊಳ್ಳಲೂ ಇಲ್ಲ. ನಿಧಾನಕ್ಕೆ, ಮಕ್ಕಳಿಗೆ ಹೇಳುವ ಹಾಗೆ ಹೇಳಿದ.

"ಸೈಟು ಮಂಜೂರಾಗಿ, ಮನೆ ಎದ್ದು ನಿಲ್ಲೋ ಹೊತ್ತಿಗೆ ಎಷ್ಟು ಮಳೆಗಾಲ ಹೋಗ್ತದೆ ಅಕ್ಕಾ? ಅವರಿಗೆ ಬೇಕಾಗಿದ್ದು ತಲೆ ಮೇಲೊಂದು ಮಾಡು. ನಾನು ಈ ಮಳೆಗೇ ಮಾಡು ಕೊಟ್ಟೆ. ನೀವು ಹಕ್ಕು ಹಕ್ಕು ಅಂತ ಅವರನ್ನ ರಸ್ತೆ ಮೇಲೇ ಕೂರಿಸ್ತಿದ್ರಿ. ಅಧ್ಯಕ್ಷ ಆದವನು ಎಲ್ಲಾ ಕಡೆ ನೋಡ್ಬೇಕಾಗ್ತದೆ."

ಹೇಳುವುದೇನು, ಅದೂ ಒಂದು ವಾದವೇ. ಮೊದಲ ದಿನವೇ ಸಭೆಯಲ್ಲಿ ಎದ್ದು ನಿಂತು ಅದನ್ನು ಹೇಳಿದ್ದರೆ ಅವನ ಜೊತೆ ಜಗಳ ಆಡುತ್ತಿದ್ದೆ, ಸೋತರೆ ಸೋಲುತ್ತಿದ್ದೆ.

"ಇದು ನಿನಗೆ ಯಾವಾಗಿಂದ ಗೊತ್ತಿತ್ತು?" ಎಂದು ಕೇಳಿದೆ.

"ಗ್ರಾಮಸಭೆಗೆ ಮೊದಲೇ ಮಾತಾಗಿತ್ತು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಮುಯ್ಯಾಳು ಕರೀತಿರಲಿಲ್ಲ."

ಎಷ್ಟು ಸಲೀಸಾಗಿ ಹೇಳಿದ. ಅವನ ಮೈಮೇಲೆ ನಾನು ಹೊಲಿದ ಅಂಗಿಯೇ ಇತ್ತು. ಭುಜ, ತೋಳು, ಕತ್ತು ಎಲ್ಲಾ ಸರಿಯಾಗಿ ಕೂತಿತ್ತು. ಇವನ ಅಳತೆ ನನಗೆ ಗೊತ್ತು ಎಂದು ಮೆರೆಯುತ್ತಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು. ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ, ಅಳು ಬಂದುಬಿಟ್ಟಿತು. ಅವನೆದುರು ಅತ್ತದ್ದಕ್ಕೆ ಇವತ್ತಿಗೂ ನನಗೆ ನನ್ನ ಮೇಲೇ ಸಿಟ್ಟಿದೆ. ನನ್ನ ಕಾಲಲ್ಲಿ ಮನೆಮನೆ ತಿರುಗಿಸಿ, ನನ್ನ ಬಾಯಲ್ಲಿ ಜನರನ್ನು ಕರೆಸಿ, ಹನ್ನೊಂದು ಮನೆಯವರ ಬೆವರಿನಲ್ಲಿ ರೆಸಾರ್ಟಿಗೆ ಕಾರು ನಿಲ್ಲಿಸುವ ಜಾಗ ಮಾಡಿಸಿಕೊಂಡ. ಶ್ರೀಧರಯ್ಯ ಎದುರಿಗೆ ನಿಂತು ಬೇಡ ಎಂದಿದ್ದರು. ಇವನು ಪಕ್ಕದಲ್ಲಿ ನಿಂತು ಹೌದು ಎಂದಿದ್ದ.

ಮೆಟ್ಟಿಲಲ್ಲಿ ಗಿರಿಜಳಿಗೆ ಹೇಗೆ ಹೇಳಲಿ ಎಂದು ಒದ್ದಾಡಿದೆ. ಹೇಳಬೇಕಾಗಿಯೇ ಬರಲಿಲ್ಲ, ಕಿಟಕಿಯಿಂದ ಕೇಳಿಸಿಕೊಂಡಿದ್ದಳು. "ಅಲ್ಲಿಗೆ ಬಸ್ಸು ಇಲ್ಲ ಅಲ್ದಾ ಅಕ್ಕಾ?" ಎಂದು ಕೇಳಿದಳು ಅಷ್ಟೆ.

ಅವರನ್ನು ಗುಡ್ಡಕ್ಕೆ ಸಾಗಿಸಲು ಬಂದ ಲಾರಿ ಸದಾಶಿವ ಮಾಡಿಕೊಟ್ಟದ್ದು. ಗಿರಿಜಳ ಅತ್ತೆಯನ್ನು ಮಾತ್ರ ನಮ್ಮ ಮನೆಯವರು ಜೀಪಿನಲ್ಲಿ ಮಲಗಿಸಿಕೊಂಡು ಹೋಗುವುದೆಂದಾಗಿತ್ತು. ಅದರ ಹಿಂದಿನ ದಿನ ಬೆಳಿಗ್ಗೆಯೇ ಗಿರಿಜ ಕತ್ತಿ ಹಿಡಿದು ನಮ್ಮ ಅಂಗಳದಲ್ಲಿ ನಿಂತಿದ್ದಳು.

"ನಿಮ್ಮ ಮನೆದೊಂದು ಉಳಿದಿದೆ. ಎಂತ ಕೆಲಸ ಇದೆ ಹೇಳಿ ಅಕ್ಕಾ."

"ನಂಗೆಂತ ಮುಯ್ಯಿ ಗಿರಿಜ, ಸುಮ್ಮನೆ ಹೋಗು. ನಂದು ಉಳೀಲಿ. ಬಾಕಿ ಇದ್ರೆ ಮತ್ತೆ ಬರ್ತೀಯ."

"ಬಾಕಿ ಇಟ್ಕಳಕ್ಕೆ ಒಂದು ಮನೆ ಬೇಕಲ್ಲ ಅಕ್ಕಾ," ಎಂದಳು. "ಬಾ ಅಂತ ಕರೆಯಕ್ಕೆ ನೀವು ಎಲ್ಲಿಗೆ ಬರ್ತೀರಿ? ಅದು ಶಾಲೆ. ನಾಳೆ ಅಲ್ಲಿಂದನೂ ಏಳಿ ಅಂದ್ರೆ?"

ಮನೆ ಹಿಂದಿನ ಸೌದೆಯನ್ನೆಲ್ಲ ಒಡೆದು ಒಟ್ಟಿದಳು. ಬೇಡ ಎಂದು ನಾನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಅವಳ ಜೊತೆ ಹೊತ್ತೆ. ಸಂಜೆ ಎಲೆ ಅಡಿಕೆ ಕೊಟ್ಟಾಗ ಕಣ್ಣಿಗೊತ್ತಿ ಸೆರಗಿಗೆ ಕಟ್ಟಿಕೊಂಡು ಹೋದಳು. ಆ ಸೌದೆ ಉರಿಸಲು ನನಗೆ ಎರಡು ಮಳೆಗಾಲ ಮನಸ್ಸು ಬರಲಿಲ್ಲ.

ಮಳೆ ಹಿಡಿದ ಮೇಲೆ ಶಾಲೆ ಸೋರುತ್ತದೆಂದು ಸುದ್ದಿ ಬಂತು. ಹಂಚು ಜಾರಿ, ಅದನ್ನು ಹೊರುವ ಪಕಾಸಿನ ಮರಕ್ಕೆ ಗೆದ್ದಲು ಹಿಡಿದಿತ್ತು. ಮಾಡು ಸರಿ ಮಾಡೋಣ ಬನ್ನಿ ಎಂದು ನಾನು ಮತ್ತೆ ಮನೆಮನೆಗೆ ಹೋದೆ. ಎಲ್ಲರೂ ಕೂರಿಸಿ ಮಜ್ಜಿಗೆ ಕೊಟ್ಟರು. ಪಾಪ, ಅನ್ಯಾಯ ಆಯಿತು ಎಂದರು. ಬಂದವರು ಮಾತ್ರ ಇಲ್ಲ. ಯಾಕೆ ಬರಬೇಕು? ಗಿರಿಜಳ ಕಡೆಯವರು ಒಂದು ಮನೆಯನ್ನೂ ಬಿಡದೆ ತೀರಿಸಿಬಿಟ್ಟಿದ್ದರಲ್ಲ, ಊರಿನಲ್ಲಿ ಯಾರೂ ಅವರಿಗೆ ಬಾಕಿ ಇರಲಿಲ್ಲ. ಮರ್ಯಾದೆಯಿಂದ ನಡೆದುಕೊಂಡದ್ದಕ್ಕೆ ಸಿಕ್ಕಿದ್ದು ಅದು. ನಾನು, ನಮ್ಮ ಮನೆಯವರು ಹೋಗಿ ಅಲ್ಲಲ್ಲಿ ತಾರ್ಪಾಲು ಸಿಕ್ಕಿಸಿ ಬಂದೆವು.

ಮುಂದಿನ ಚುನಾವಣೆಗೆ ನಾನು ನಿಲ್ಲಲಿಲ್ಲ. ಸದಾಶಿವ ಗೆದ್ದು ಮತ್ತೆ ಅಧ್ಯಕ್ಷನಾದ, ಸಣ್ಣದೊಂದು ತೋಟವನ್ನೂ ಕೊಂಡ. ಸದಾಶಿವನಿಗೆ ಅಂಗಿ ಹೊಲಿಯುವುದು ಬಿಟ್ಟೆ. ಗುಡ್ಡದ ಮೇಲಿದ್ದ ಹನ್ನೊಂದರಲ್ಲಿ ಈಗ ನಾಲ್ಕು ಕುಟುಂಬ ಉಳಿದಿವೆ. ಉಳಿದವರು ಒಂದೊಂದಾಗಿ ಎಲ್ಲೆಲ್ಲಿಗೋ ಹೋದರು, ಕೆಲವರ ಫೋನ್ ನಂಬರೂ ಈಗ ಹತ್ತುವುದಿಲ್ಲ. ಗಿರಿಜಳ ಅತ್ತೆ ಬದುಕಿದ್ದಾಳೆ. ಆ ಬೇಸಿಗೆಯಲ್ಲಿ ಹತ್ತಿದವಳು ಕೆಳಗಿಳಿದೇ ಇಲ್ಲ. ಕಾರೇಮಕ್ಕಿಯಲ್ಲಿ ರಜಾದಿನ ಕಾರುಗಳು ತುಂಬಿರುತ್ತವೆ. ನನ್ನ ಅಂಗಡಿಯಿಂದ ಚೆನ್ನಾಗಿ ಕಾಣುತ್ತದೆ.

ಈಗ ಕೊಪ್ಪದ ಅಂಗಡಿಗೆ ಬರೋಣ. ಇನ್ನೂ ಸಿಟ್ಟಾ ಎಂದು ಸದಾಶಿವ ನಗುತ್ತಾ ನಿಂತಿದ್ದ. ಅಂಗಡಿಯವನು ಕತ್ತರಿ ಹಿಡಿದು ನಾನು ಅಳತೆ ಹೇಳಲೆಂದು ಕಾಯುತ್ತಿದ್ದ. ನಾಲ್ಕಾರು ಗಿರಾಕಿಗಳಿದ್ದರು, ಎಲ್ಲ ನಮ್ಮ ಕಡೆಯವರೇ. ಬೈಗುಳ ನಾಲಿಗೆ ತುದಿಗೆ ಬಂದಿತ್ತು. ಬಾಯಿಗೆ ಬಂದದ್ದು ಬೇರೆಯೇ.

"ಸದಾಶಿವ, ಕರೆಯಕ್ಕೆ ನಿಮ್ಮ ಮನೆಗೇ ಬರಬೇಕಿತ್ತು. ಇಲ್ಲೇ ಸಿಕ್ಕಿದೀಯ, ತಪ್ಪು ತಿಳ್ಕಬೇಡ. ಶನಿವಾರ ಶಾಲೆ ಮಾಡು ಇಳಿಸಿ ಹಂಚು ಹೊದಿಸದು. ನಿಮ್ಮ ಮನೆಯಿಂದ ಒಂದು ಆಳು ಬರಬೇಕು."

ಅಂಗಡಿಯಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು. ಕಾರೇಮಕ್ಕಿಯ ಮುಯ್ಯಿ ಯಾರ ತಲೆ ಮೇಲಿದೆ ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನ ನಗು ಹೋಯಿತು. ಫೋನ್ ತೆಗೆದು ನೋಡಿದ, ಜೇಬಿಗೆ ಹಾಕಿಕೊಂಡ.

"ಶನಿವಾರ ನಂಗೆ ಚಿಕ್ಕಮಗಳೂರಲ್ಲಿ ಮೀಟಿಂಗಿದೆ ಅಕ್ಕಾ. ಇಬ್ಬರನ್ನ ಕಳಿಸ್ತೀನಿ, ಕೂಲಿ ನಾನೇ ಕೊಡ್ತೀನಿ," ಎಂದ.

"ಕೂಲಿಗೆ ಜನ ನಂಗೂ ಸಿಗ್ತಾರೆ. ನಾನು ಕರೆದದ್ದು ನಿನ್ನನ್ನ," ಎಂದು ತಾರ್ಪಾಲು ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

ಶನಿವಾರ ಬೆಳಿಗ್ಗೆ ಗುಡ್ಡ ಹತ್ತಿ ಬಂದದ್ದು ಕೆಲವೇ ಜನ. ನಾನು, ನಮ್ಮ ಮನೆಯವರು, ಶ್ರೀಧರಯ್ಯನವರ ಸೊಸೆ. ಅಯ್ಯನವರಿಗೆ ಈಗ ನಡೆಯಲಾಗುವುದಿಲ್ಲ. ಹಂಚು ಇಳಿಸಲು ಶುರು ಮಾಡಿದ ಮೇಲೆ ಇನ್ನಿಬ್ಬರು ಬಂದರು, ಸದಾಶಿವ ಕಳಿಸಿದವರು. ಗಂಡ ಹೆಂಡತಿ, ಹಾವೇರಿ ಕಡೆಯವರು. ಅವರನ್ನು ಹಿಂದಕ್ಕೆ ಕಳಿಸಬೇಕೆಂದೇ ಎದ್ದೆ. ಗಿರಿಜ ಕಣ್ಣಲ್ಲೇ ಬೇಡ ಎಂದಳು. ಅವರು ತಲೆ ಬಗ್ಗಿಸಿ ಚೆನ್ನಾಗಿ ಕೆಲಸ ಮಾಡಿದರು.

ಊಟದ ಹೊತ್ತಿಗೆ ಎಲ್ಲರನ್ನೂ ಶಾಲೆಯ ಜಗುಲಿಯಲ್ಲಿ ಕೂರಿಸಿ ಗಿರಿಜ ಗಂಜಿ ಬಡಿಸಿದಳು. ಆ ಇಬ್ಬರ ಮುಂದೆ ಬಂದಾಗ ನಿಂತು, "ನಿಮ್ಮ ಮನೆ ಎಲ್ಲಾಯ್ತು? ಮುಯ್ಯಿಗೆ ಬರ್ಬೇಕಲ್ಲ ನಾನು," ಎಂದು ಕೇಳಿದಳು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಗಸು ತಗ್ಗಿದ ದನಿಯಲ್ಲಿ ಹೇಳಿದಳು. "ಮನಿ ಅಂತ ಇಲ್ರಿ ಅಕ್ಕಾರ. ಅಧ್ಯಕ್ಷರ ತೋಟದ ಶೆಡ್ಡಿನ್ಯಾಗ ಅದೀವ್ರಿ. ಮಳಿ ಹಿಡಿಯೂದ್ರಾಗ ಖಾಲಿ ಮಾಡ್ರಿ ಅಂದಾರ."

ಗಿರಿಜ ಅವರ ತಟ್ಟೆಗಳಿಗೆ ಇನ್ನೊಂದೊಂದು ಸೌಟು ಗಂಜಿ ಹಾಕಿದಳು. ಆಮೇಲೆ ಒಳಗೆ ಹೋಗಿ, ಅತ್ತೆಯ ಚಾಪೆಯನ್ನು ಗೋಡೆಯ ಕಡೆಗೆ ಎಳೆದು, ಇಬ್ಬರು ಮಲಗುವಷ್ಟು ಜಾಗ ಮಾಡಿದಳು.